ಕೇಳದೆ ಕಳಿಸಿದ ಎರಡು ನಿಮಿಷ ನಲವತ್ತು ಸೆಕೆಂಡು

2018, ಆಗಸ್ಟ್ 29, ಬುಧವಾರ, ಬೆಳಿಗ್ಗೆ 11 ಗಂಟೆ 31 ನಿಮಿಷ. ಅದು ಶುರುವಾದದ್ದು ಆಗ. ಆದರೆ ನನಗೆ ಅದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಆ ದಿನ ನನ್ನ ದಿನಚರಿಯಲ್ಲಿ ಬರೆದಿರುವ ಸಮಯ 11.36. ಬನಹಟ್ಟಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ಅವ್ವನ ಫೋನು ಸದ್ದು ಮಾಡಿದ್ದು ಆಗ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಕೈತುಂಬ ಹಿಟ್ಟು. ಅಂದು ಕಾಲೇಜಿಗೆ ಹೋಗದ ನಾನು ಪಕ್ಕದಲ್ಲೇ ಕೂತಿದ್ದೆ.

"ನಿಮ್ಮಪ್ಪ ಏನೋ ಕಳಸ್ಯಾನ ನೋಡವಾ, ಹಚ್ಚು" ಎಂದಳು.

ಹಚ್ಚಿದೆ. ಗಂಡಸಿನ ದನಿ, ನಮ್ಮ ಕಡೆಯದೇ ಮಾತು. "ನೇಕಾರ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ, ಹುಷಾರ್ ಇರ್ರಿ." ಒಂದು ನಿಮಿಷ ಇಂಥದೇ ಪೀಠಿಕೆ, ಆಮೇಲೆ ಹೆಸರು. "ಓಣ್ಯಾಗಿನ ಲೂಮ್ ಎಲ್ಲಾ ಊರ ಹೊರಗ ಹಾಕಸಬೇಕಂತ ಈಕಿ ಅರ್ಜಿಗೆ ಸಹಿ ಮಾಡ್ಯಾಳ. ಆರಿಸಿ ಬಂದ್ರ ಮದಲ ನಿಮ್ಮ ಮನಿಗೇ ಬೀಗ." ಹೀಗೆ ಹೇಳಿದ್ದನ್ನೇ ಹೇಳಿ, ಒಟ್ಟು ಎರಡು ನಿಮಿಷ ನಲವತ್ತು ಸೆಕೆಂಡಿಗೆ ನಿಂತಿತು. ಅದು ಹೆಸರು ಹಿಡಿದು ಈಕಿ ಎಂದದ್ದು ನಮ್ಮ ಪಕ್ಕದ ಮನೆಯ ಕಾಕುವನ್ನು. ನಗರಸಭೆಗೆ ಮತ ಹಾಕಲು ಎರಡು ದಿನ ಉಳಿದಿತ್ತು.

ಕಾಕು ಎಂದು ಚಿಕ್ಕಮ್ಮನಂತೆ ಕರೆದರೂ ಆಕೆ ನಮಗೆ ನೆಂಟಳಲ್ಲ. ಇಪ್ಪತ್ತು ವರ್ಷದಿಂದ ನಮ್ಮ ಓಣಿಯ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುವವಳು. ಲಾಳಿಯೊಳಗೆ ಕೂಡಿಸುವ ನೂಲಿನ ಸಣ್ಣ ಸುರುಳಿ ಅದು. ಅದಿಲ್ಲದೆ ಮಗ್ಗ ನಡೆಯುವುದಿಲ್ಲ. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ಯಾವ ಪಕ್ಷವನ್ನೂ ಕೇಳದೆ ನಿಂತಿದ್ದಳು. ಆಕೆ ಒಂದು ಅರ್ಜಿಗೆ ಸಹಿ ಮಾಡಿದ್ದು ನಿಜ. ಅದು ಓಣಿಗೆ ದೊಡ್ಡ ವಿದ್ಯುತ್ ಪರಿವರ್ತಕ ಹಾಕಿಸಿಕೊಡಿ ಎಂಬ ಅರ್ಜಿ. ಅದರಲ್ಲಿ ಅಪ್ಪನ ಸಹಿಯೂ ಇತ್ತು. ಬರೆದುಕೊಟ್ಟವಳು ನಾನೇ.

ಅಷ್ಟು ಗೊತ್ತಿದ್ದೂ ಆ ಹೊತ್ತಿನಲ್ಲಿ ನಾನು ಸುಮ್ಮನೆ ಕೂತೆ. ಅಪ್ಪ ಕಳಿಸಿದ್ದಾನೆ ಎಂದರೆ ಅಪ್ಪನಿಗೆ ಬೇರೆ ಏನೋ ತಿಳಿದಿರಬೇಕು ಎಂದುಕೊಂಡೆ. ಅವ್ವನೂ ಹಾಗೇ ಅಂದುಕೊಂಡಳು. "ಪಾಪ, ಛಲೋ ಹೆಂಗಸು ಅನ್ಕೊಂಡಿದ್ದೆ" ಎಂದು ರೊಟ್ಟಿ ತಿರುವಿದಳು.

ಇಲ್ಲಿ ಒಂದು ರೂಢಿ ಹೇಳಬೇಕು. ನಮ್ಮಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಒಂದೇ ಶೆಡ್ಡಿನಲ್ಲಿ ನಡೆಯುತ್ತವೆ. ಆ ಸದ್ದಿನಲ್ಲಿ ಎದುರು ನಿಂತವನ ಮಾತನ್ನು ತುಟಿ ನೋಡಿ ತಿಳಿಯಬೇಕು. ಫೋನಿಗೆ ದನಿಯ ಸಂದೇಶ ಬಂದರೆ ಅಲ್ಲಿ ಕೇಳುವುದು ಆಗದು. ಹಾಗಾಗಿ ನೇಯುವವರು ಅದನ್ನು ಕೇಳದೆಯೇ ಮನೆಗೆ ಕಳಿಸುತ್ತಾರೆ. ಮನೆಯವರು ಕೇಳಿ, ಮಧ್ಯಾಹ್ನ ಬುತ್ತಿ ತಂದಾಗ ಏನಿತ್ತು ಎಂದು ಹೇಳಬೇಕು. ಬೀಗರ ಊರಿನ ಸುದ್ದಿ, ನೂಲು ಬಂತೋ ಇಲ್ಲವೋ ಎಂಬ ಸುದ್ದಿ ಎಲ್ಲ ಹೀಗೇ ಬರುವುದು. ಇದರಿಂದ ಯಾರಿಗೂ ಏನೂ ಕೆಟ್ಟದ್ದಾಗಿರಲಿಲ್ಲ.

ಅಂದು ಓಣಿಯ ಮನೆಮನೆಗೆ ಆ ದನಿ ಬಂದದ್ದು ಗಂಡನ ಹೆಸರಿನಿಂದ, ಮಾವನ ಹೆಸರಿನಿಂದ, ಮೈದುನನ ಹೆಸರಿನಿಂದ. ಶುಕ್ರವಾರ ಮತ ಹಾಕಿದೆವು. ಅದು ನನ್ನ ಮೊದಲ ಮತ. ಯಾವ ಗುಂಡಿ ಒತ್ತಿದೆ ಎಂದು ದಿನಚರಿಯಲ್ಲಿ ಬರೆದಿಲ್ಲ, ಆದರೆ ನೆನಪಿದೆ. ಕಾಕು ಮೂವತ್ತೊಂದು ಮತಗಳಿಂದ ಸೋತಳು.

ಸೋತದ್ದನ್ನು ಆಕೆ ಎರಡು ದಿನಕ್ಕೆ ಜೀರ್ಣಿಸಿಕೊಂಡಳು. ಜೀರ್ಣವಾಗದೆ ಉಳಿದದ್ದು ಬೇರೆ. ಆಕೆಯ ಫೋನಿಗೂ ಆ ಸಂದೇಶ ಬಂದಿತ್ತು, ಕಳಿಸಿದವನು ಆಕೆಯ ಗಂಡ. ಕಾಕಾ ನಮ್ಮ ಶೆಡ್ಡಿನಲ್ಲೇ ಎರಡು ಮಗ್ಗ ನೋಡಿಕೊಳ್ಳುತ್ತಿದ್ದ. ಹೆಂಡತಿ ಚುನಾವಣೆಗೆ ನಿಲ್ಲುವುದು ಅವನಿಗೆ ಮೊದಲಿನಿಂದ ಬೇಡವಾಗಿತ್ತು. "ನಮ್ಮ ಮನ್ಯಾಗ ಆಡಳಿತ ಪಕ್ಷ ಆಕಿ, ವಿರೋಧ ಪಕ್ಷ ನಾ" ಎಂದು ಚಹಾದ ಹೊತ್ತಿಗೆ ನಗಿಸುತ್ತಿದ್ದ. ಈಗ ಆ ನಗೆಯೇ ಅವನ ಮೇಲೆ ತಿರುಗಿತು.

"ಕೇಳಿಲ್ಲ ನಾ. ಖರೇ ಕೇಳಿಲ್ಲ. ಎಲ್ಲಾರಂಗ ಕಳಿಸಿದೆ" ಎಂದು ಅವನು ನಮ್ಮ ಕಟ್ಟೆಯ ಮೇಲೆ ಕೂತು ಅಪ್ಪನ ಮುಂದೆ ಹೇಳಿದ. ಒಳಗೆ ಕಾಕು ಅವ್ವನ ಮುಂದೆ ಹೇಳುತ್ತಿದ್ದಳು: "ಕೇಳಿ, ನಕ್ಕು, ಕಳಸ್ಯಾನ. ಸೋತು ಮನ್ಯಾಗ ಬೀಳಲಿ ಅಂತ." ಗೋಡೆಯ ಆಚೆ ಈಚೆ ಇಬ್ಬರಿಗೂ ಕೇಳಿಸುತ್ತಿತ್ತು. ಅಂದಿನಿಂದ ಕಾಕು ಅವನೊಂದಿಗೆ ಮಾತು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ಮಾತೇ ಇಲ್ಲ.

ಮತ ಹಾಕಿ ಒಂದು ವಾರವಾದ ಮೇಲೆ ಆಕೆ ನನ್ನ ಬಳಿ ಬಂದಳು. "ನೀ ಎಲ್ಲಾ ಬರದ ಇಡ್ತಿಯಲ್ಲ ಬೇ. ಇದು ಎಲ್ಲಿಂದ ಬಂತು ಅಂತ ಹುಡುಕಿ ಕೊಡು."

ಸೆಪ್ಟೆಂಬರ್ 9ರಿಂದ 16ರವರೆಗೆ, ಕಾಲೇಜಿದ್ದ ದಿನ ಜಮಖಂಡಿಯಿಂದ ಬಂದು ಬಸ್ಸಿಳಿದ ಮೇಲೆ, ದಿನಾ ಸಂಜೆ ಮನೆಮನೆ ಸುತ್ತಿದೆ. ನಾನಾಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಪಟ್ಟಿಯಲ್ಲಿ ಐದು ಅಂಕಣ ಹಾಕಿದೆ: ಯಾರ ಫೋನು, ಯಾರಿಂದ ಬಂತು, ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಮುಂದೆ ಕಳಿಸಿದರು, ಕಳಿಸುವ ಮುನ್ನ ಕೇಳಿದ್ದರೇ. "ಜನಗಣತಿ ಬಂತ್ರ್ಯೋ" ಎಂದು ಒಬ್ಬ ಕೂಗಿದ. "ಮತ್ತ ಯಾರ ಫೋಟೋ ಇದಾವ ನೋಡೂದಿಲ್ಲಾ ನಾ, ಕೊಡ್ರಿ" ಎಂದು ನಾನೂ ಅಂದೆ. ನಲವತ್ತೆರಡು ಮನೆಗಳಲ್ಲಿ ಇಪ್ಪತ್ತಾರು ಮನೆಯವರು ಫೋನು ತೋರಿಸಿದರು. ಹದಿನೇಳು ಜನ ಅದನ್ನು ಮುಂದೆ ಕಳಿಸಿದ್ದರು. ಅವರಲ್ಲಿ ಹದಿಮೂರು ಜನ ಕೇಳದೆ ಕಳಿಸಿದೆ ಎಂದರು. ಅಪ್ಪ ಒಬ್ಬ, ಕಾಕಾ ಒಬ್ಬ.

ಎಲ್ಲ ದಾರಿಗಳೂ ಹಿಂದಕ್ಕೆ ಹೋಗಿ ಒಂದೇ ಕಡೆ ಸೇರಿದವು. ನೇಯುವವರ ಒಂದು ಫೋನ್ ಗುಂಪು, 11.31, ಒಂದು ಅಪರಿಚಿತ ಸಂಖ್ಯೆ. ಅದರ ಮೊದಲಲ್ಲಿ ನಮ್ಮ ದೇಶದ 91 ಇರಲಿಲ್ಲ, ಬೇರೆ ಮೂರು ಅಂಕಿಗಳಿದ್ದವು. ಗುಂಪಿಗೆ ಸೇರುವ ಕೊಂಡಿಯನ್ನು ಯಾರೋ ಊರತುಂಬ ಹಂಚಿದ್ದರಂತೆ. ಆ ಸಂಖ್ಯೆ ಎರಡು ದಿನ ಮೊದಲು ಒಳಗೆ ಬಂದು, ಮತದಾನದ ಸಂಜೆ ಹೊರಗೆ ಹೋಗಿತ್ತು.

ಕಾಕುಗೆ ಹೇಳಿದೆ. "ಪರದೇಶದಿಂದ ಬಂದೈತಿ, ಕಾಕು."

"ಪರದೇಶದವ ಹೆಂಗ ಬೇಕಾದ್ರೂ ಅನ್ಲಿ. ಅವಗ ನಾ ಯಾರು? ನನಗ ಕಳಿಸಿದಾವ ಮನ್ಯಾಗ ಅದಾನ."

ನನ್ನ ಪಟ್ಟಿ ಅಲ್ಲಿಗೆ ನಿಂತಿತು. ದಸರಾ ಬಂತು, ದೀಪಾವಳಿ ಬಂತು. ಆ ಮನೆಯಲ್ಲಿ ಮಾತು ಬರಲಿಲ್ಲ.

2019ರ ಜನವರಿ 17, ಗುರುವಾರ, ಮಧ್ಯಾಹ್ನ 1.15. ನಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಸರ್ ಪತ್ರಿಕೆಯ ಒಂದು ತುಣುಕು ಕತ್ತರಿಸಿ ಇಟ್ಟುಕೊಂಡಿದ್ದರು. ಸಂಸತ್ತಿನ ಒಂದು ಸಮಿತಿ, ಫೋನು ಮತ್ತು ಅಂತರ್ಜಾಲದ ಮೂಲಕ ಚುನಾವಣೆಗಳಲ್ಲಿ ಹೊರದೇಶದ ಕೈ ಆಡುವುದನ್ನು ತಡೆಯುವ ಬಗ್ಗೆ ಜನರ ಅಭಿಪ್ರಾಯ ಕೇಳಿತ್ತು. ಸರ್ ಮುಂದೆ ನನ್ನ ಪಟ್ಟಿ ಇಟ್ಟೆ.

ಸರ್ ಮೊದಲು ನಕ್ಕರು. "ನಿಮ್ಮ ವಾರ್ಡಿನ ಮ್ಯಾಲ ಪರದೇಶದವರ ಕಣ್ಣೇನವಾ? ಅಲ್ಲಿ ಗಟಾರ ನಮ್ಮ ನಗರಸಭೆ ಕಣ್ಣಿಗೇ ಇನ್ನ ಬಿದ್ದಿಲ್ಲ." ಆಮೇಲೆ ಆ ಮೂರು ಅಂಕಿಗಳನ್ನು ಹುಡುಕಿ, ಗೋಡೆಯ ಭೂಪಟದಲ್ಲಿ ಬೆರಳಿಟ್ಟರು. ಬೆರಳಿನ ಕೆಳಗೆ ಮುಚ್ಚಿಹೋಗುವಷ್ಟು ಸಣ್ಣ ದ್ವೀಪ. ನಗೆ ನಿಂತಿತು. ಅಲ್ಲಿನವನು ನಮ್ಮ ಮಾತು ಆಡುವುದಿಲ್ಲ, ಇಲ್ಲಿನವನೇ ಆ ಸಂಖ್ಯೆ ಕೊಂಡಿರಬಹುದು, ಯಾರ ಹಣದಿಂದ ಎಂಬುದು ನಮಗೆ ತಿಳಿಯದು ಎಂದರು.

"ಸಮಿತಿ ಏನ್ ಮಾಡತೈತ್ರಿ ಸರ್? ಹಿಡಿದು ಶಿಕ್ಷಾ ಕೊಡತೈತೇನು?"

"ಇಲ್ಲ. ಆಳುವವರು, ವಿರೋಧದವರು ಇಬ್ಬರೂ ಕೂಡಿ ಕುಂತಿರ್ತಾರ. ಅಧಿಕಾರಿಗಳನ್ನ ಕರೀತಾರ, ಕಂಪನಿಯವರನ್ನ ಕರೀತಾರ. ಯಾಕ ಹಿಂಗಾತು ಅಂತ ಕೇಳ್ತಾರ. ಕೇಳಿದ್ದನ್ನ ಬರದು ಸದನದ ಮುಂದ ಇಡ್ತಾರ. ಅಷ್ಟ. ಆದರ ಅಷ್ಟೂ ಯಾರರ ಕೇಳಬೇಕಲ್ಲ?"

ನಾನು ಕನ್ನಡದಲ್ಲಿ ಬರೆದೆ, ಸರ್ ಜೊತೆಗೂಡಿ ಅದನ್ನು ಇಂಗ್ಲಿಷಿಗೆ ತಂದೆವು. ಎರಡು ಪ್ರತಿ ಬೇಕಿತ್ತು. ಒಮ್ಮೆ ಕಳಿಸಿದ ಬರಹ ಸಮಿತಿಯ ದಾಖಲೆ, ಅದನ್ನು ಆಮೇಲೆ ಹೊರಗೆ ಯಾರಿಗೂ ತೋರಿಸುವಂತಿಲ್ಲ ಎಂದು ಸರ್ ಎಚ್ಚರಿಸಿದರು. ಅದಕ್ಕೇ ಆ ಬರಹವನ್ನು ಇಲ್ಲಿ ಕೊಡುತ್ತಿಲ್ಲ. ಇಲ್ಲಿರುವುದು ನನ್ನ ದಿನಚರಿಯದು.

ಪಟ್ಟಿಯನ್ನು ತಿದ್ದಿ ಬರೆಯುವಾಗ ಸರ್ ಸುಮ್ಮನೆ ಒಂದು ಪ್ರಶ್ನೆ ಕೇಳಿದರು. "ಸಂದೇಶ ಎಷ್ಟುದ್ದ ಇತ್ತು?"

ಎರಡು ನಿಮಿಷ ನಲವತ್ತು ಸೆಕೆಂಡು ಎಂದೆ. ಹೇಳಿದವಳೇ ಪಟ್ಟಿಯ ಕಡೆ ನೋಡಿದೆ. ಬಂದ ಸಮಯ ಒಂದು ಅಂಕಣದಲ್ಲಿತ್ತು, ಕಳಿಸಿದ ಸಮಯ ಪಕ್ಕದ ಅಂಕಣದಲ್ಲಿತ್ತು. ನಾಲ್ಕು ತಿಂಗಳಿಂದ ಎರಡೂ ನನ್ನ ಬಳಿ ಇದ್ದವು. ಯಾರಿಂದ ಯಾರಿಗೆ ಎಂದು ಹುಡುಕುವುದರಲ್ಲೇ ಇದ್ದೆ, ಒಂದರಿಂದ ಇನ್ನೊಂದನ್ನು ಕಳೆದಿರಲೇ ಇಲ್ಲ.

ಜನವರಿ 27, ಭಾನುವಾರ, ಸಂಜೆ 4 ಗಂಟೆ. ಅಂಚೆಗೆ ಹಾಕಿದ ಮೇಲೆ ತೋರಿಸಲಾಗದ ಕಾರಣ ಅಂದೇ ಕಾಕುವಿನ ಮನೆಗೆ ಹೋಗಿ ಓದಿದೆ. ಆಕೆ ರಾಟೆಯ ಮುಂದೆ ಕಂಡಿಕೆ ಸುತ್ತುತ್ತ ಕೂತಿದ್ದಳು. ಕಾಕಾ ಬಾಗಿಲಲ್ಲಿ, ಬೀದಿಯ ಕಡೆ ಮುಖ ಮಾಡಿ ಕೂತಿದ್ದ.

"ಒಂಬತ್ತನೇ ಸಾಲು, ಕಾಕಾಂದು. ಬಂದದ್ದು 11.31. ಕಾಕುಗೆ ಕಳಿಸಿದ್ದು 11.32. ಕೇಳಿಲ್ಲ ಎಂದು ಹೇಳಿದ್ದಾರೆ."

"ಹೇಳಿದ್ದಾರೆ ಅಂತ ಬರದೀಯಲ್ಲ" ಎಂದಳು ಕಾಕು. "ನಿನಗೂ ನಂಬಿಕಿ ಇಲ್ಲ ನೋಡು."

"ಎಲ್ಲಾರಿಗೂ ಹಂಗ ಬರದೇನಿ. ಆದರ ಕಾಕು, ಇದೊಂದು ನೋಡು. 11.31 ಅಂದ್ರ ಆ ನಿಮಿಷದ ಮದಲನೇ ಸೆಕೆಂಡಿಗೇ ಬಂತು ಅಂತ ಹಿಡಿ. 11.32 ಅಂದ್ರ ಆ ನಿಮಿಷದ ಕಡೀ ಸೆಕೆಂಡಿಗೆ ಕಳಿಸಿದ ಅಂತ ಹಿಡಿ. ನಡುವ ಎರಡು ನಿಮಿಷ ಸೈತ ತುಂಬೂದಿಲ್ಲ. ಸಂದೇಶ ಎರಡು ನಿಮಿಷ ನಲವತ್ತು ಸೆಕೆಂಡಿಂದು."

ರಾಟೆ ನಿಂತಿತು. ಆಕೆ ಬೆರಳು ಮಡಚಿ ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು.

"ಅರ್ಧಾ ಕೇಳಿರಬಹುದಲ್ಲ?"

"ನಿನ್ನ ಸುದ್ದಿ ಬರೂದು ಒಂದು ನಿಮಿಷ ಆದ ಮ್ಯಾಲ. ಶೆಡ್ಡಿನಿಂದ ಹೊರಗ ಬಂದು ಕೇಳಬೇಕಂದ್ರ ಎರಡು ಲೂಮ್ ನಿಲ್ಲಿಸಬೇಕು. ಒಳಗ ಅಪ್ಪಾ ಇದ್ದ, ಲೂಮ್ ನಿಂತಿಲ್ಲ ಅಂತಾನ."

ಕಾಕು ಸುತ್ತಿದ್ದ ಕಂಡಿಕೆಯನ್ನು ತೆಗೆದು ಕೆಳಗಿಟ್ಟಳು. ಆಮೇಲೆ ನನ್ನನ್ನೇ ನೋಡುತ್ತ, ಅವನಿಗೂ ಕೇಳುವಷ್ಟು ಜೋರಾಗಿ ಹೇಳಿದಳು: "ಹಂಗಾದ್ರ 'ಹೇಳಿದ್ದಾರೆ' ಅನ್ನೂದು ತಗೀ. 'ಕೇಳಿಲ್ಲ' ಅಂತ ಬರಿ. ದಿಲ್ಲಿಯವರ ಮುಂದ ನನ್ನ ಗಂಡ ಸುಳ್ಳ ಅನಿಸಬಾರದು."

ನಾನು ತಿದ್ದಿದೆ. ಆ ಹದಿಮೂರು ಸಾಲುಗಳಲ್ಲಿ ಹಾಗೆ ತಿದ್ದಲು ಸಾಧ್ಯವಾದದ್ದು ನಾಲ್ಕನ್ನು ಮಾತ್ರ. ಅಪ್ಪ ಕಳಿಸಿದ್ದು ಐದು ನಿಮಿಷದ ಮೇಲೆ, ಹಾಗಾಗಿ ಅಪ್ಪನ ಸಾಲು ಇದ್ದಂತೆ ಉಳಿಯಿತು. "ನಿಮ್ಮಪ್ಪನ ಮಾತ ನಂಬೂದಿಲ್ಲೇನ?" ಎಂದು ಅವನು ಕೇಳಿದ. "ನಂಬ್ತೀನಿ ಅಪ್ಪಾ, ದಾಖಲೆ ಇಲ್ಲ" ಎಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದ.

ಅಂದು ಸಂಜೆ 7.10ಕ್ಕೆ ಪಕ್ಕದ ಮನೆಯಲ್ಲಿ ಜಗಳ ಶುರುವಾಯಿತು. "ಕೇಳದ ಕಳಸೂದು ಛಲೋ ಅನ್ಕೊಂಡ್ರೇನು? ಕೈಗೆ ಬಂದದ್ದೆಲ್ಲಾ ಹೆಂಡತಿ ಉಡಿಗೆ ಹಾಕೂದೇನು?" ಕಾಕುವಿನ ದನಿ. "ಇನ್ನ ಮ್ಯಾಲ ಕಳಸೂದಿಲ್ಲಾ, ಮಾರಾಯ್ತಿ" ಕಾಕಾನ ದನಿ. "ಕಳಸ್ಬ್ಯಾಡ್ರಿ ಅಂದೇನೇನು? ಕೇಳಿ ಕಳಸ್ರಿ ಅಂದೆ." ನಲವತ್ತು ನಿಮಿಷ ನಡೆಯಿತು. ಅವ್ವ ಗೋಡೆಗೆ ಕಿವಿ ಕೊಟ್ಟು ನಿಂತಿದ್ದವಳು, "ಬಾಯಿ ಬಿಟ್ರು. ಇನ್ನ ಚಿಂತಿಲ್ಲ" ಎಂದು ಒಳಗೆ ಹೋದಳು.

ಮರುದಿನ ಎರಡೂ ಪ್ರತಿಗಳನ್ನು ರಿಜಿಸ್ಟರ್ ಮಾಡಿಸಿದೆ. ಹನ್ನೊಂದನೆಯ ದಿನ ಸ್ವೀಕೃತಿಯ ಕಾರ್ಡು ಮೊಹರು ಹಾಕಿಸಿಕೊಂಡು ಮರಳಿ ಬಂತು. ಆಮೇಲೆ ಯಾರೂ ನಮ್ಮನ್ನು ಕರೆಯಲಿಲ್ಲ. ಆ ಬರಹವನ್ನು ಅಲ್ಲಿ ಯಾರಾದರೂ ಓದಿದರೋ ಇಲ್ಲವೋ ನನಗೆ ತಿಳಿಯದು. ಓದಿದ್ದರೆ, ಹೊರಗಿನ ಸಂಖ್ಯೆಯನ್ನು ಹಿಡಿಯುವ ದಾರಿಯ ಜೊತೆಗೆ, ಅದು ಮನೆಯವರ ಹೆಸರು ತೊಟ್ಟು ಒಳಗೆ ಬರುವ ದಾರಿಯನ್ನೂ ಯೋಚಿಸಿದ್ದಾರು ಎಂದು ಅಂದುಕೊಂಡಿದ್ದೇನೆ. ಕಾಕು ಮುಂದಿನ ಸಲವೂ ನಿಲ್ಲುತ್ತೇನೆ ಎನ್ನುತ್ತಾಳೆ.

ಆ ದನಿ ಯಾರದೆಂದು ಇನ್ನೂ ಗೊತ್ತಾಗಿಲ್ಲ. ಅದೇ ವಾರ ಮುಧೋಳದಲ್ಲಿ, ತೇರದಾಳದಲ್ಲಿ, ಬೀಳಗಿಯಲ್ಲಿ ಬೇರೆ ಹೆಂಗಸರ ಹೆಸರು ಹಿಡಿದು ಇಂಥದೇ ಸಂದೇಶ ಬಂದಿತ್ತೆಂದು ಕೇಳಿದ್ದೇನೆ, ಕಣ್ಣಾರೆ ಕಂಡಿಲ್ಲ. ನಿಮ್ಮ ಮನೆಯ ಯಾವುದಾದರೂ ಹಳೆಯ ಫೋನಿನಲ್ಲಿ ಅದು ಉಳಿದಿದ್ದರೆ ದಯವಿಟ್ಟು ಅಳಿಸಬೇಡಿ. ಬಂದ ಸಮಯ, ಮುಂದೆ ಕಳಿಸಿದ ಸಮಯ, ಸಂದೇಶದ ಉದ್ದ, ಈ ಮೂರನ್ನು ನನಗೆ ಬರೆದು ಕಳಿಸಿ. ಆ ದನಿಯ ಗುರುತು ಇದ್ದವರಂತೂ ಖಂಡಿತ ಬರೆಯಿರಿ. ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಊರು ಹೇಳಿದರೂ ಸಾಕು.