ಮೂಲೆಯ ಪಟ್ಟಿ ಇಡಿಯಾಗಿ ಬಂದ ದಿನ

ಸತ್ತೇಗಾಲದ ತೆಂಗಿನ ತೋಟವೊಂದರಲ್ಲಿ ನಾವು ಕಟ್ಟಿದ ನೀರಿನ ತೊಟ್ಟಿಗೆ ಹೊರಗಡೆ ಗಾರೆ ಬಳಿದಿಲ್ಲ. ಹಲಗೆಯ ಗೆರೆ, ಗಂಟು ಎಲ್ಲ ಕಾಂಕ್ರೀಟಿನ ಮೇಲೆ ಹಾಗೇ ಅಚ್ಚಾಗಿವೆ. ಕೊಳ್ಳೇಗಾಲದ ಬಸ್ಸಿನಿಂದ ಅದು ಕಾಣುವುದಿಲ್ಲ. ಆದರೂ ಆ ದಾರಿಯಲ್ಲಿ ಹೋದಾಗಲೆಲ್ಲ ಕಿಟಕಿಯ ಪಕ್ಕವೇ ಕೂರುತ್ತೇನೆ.

ಅಪ್ಪನದು ಸೆಂಟ್ರಿಂಗ್ ಕೆಲಸ: ಕಾಂಕ್ರೀಟ್ ಸುರಿಯುವ ಮೊದಲು ಹಲಗೆ ಕಟ್ಟುವುದು, ಗಟ್ಟಿಯಾದ ಮೇಲೆ ಬಿಚ್ಚುವುದು. ಪಿಯುಸಿ ಮುಗಿದಾಗಿನಿಂದ ನಾನೂ ಜೊತೆಗಿದ್ದೇನೆ. ಯಾವ ದಿನ ಎಲ್ಲಿ ಕಟ್ಟಿದೆವು, ಬಿಚ್ಚುವಾಗ ಯಾವ ಹಲಗೆ ಮುರಿಯಿತು ಎಂದು ಡೈರಿಯಲ್ಲಿ ಬರೆಯುತ್ತೇನೆ. ಒಮ್ಮೆ ಹಿಂದಿನ ಪುಟಗಳನ್ನು ತಿರುವಿದಾಗ, ಮುರಿದದ್ದು ಬಹುಪಾಲು ತೊಟ್ಟಿಗಳ ಒಳಮೂಲೆಯಲ್ಲೇ ಎಂದು ಕಂಡಿತು. ಒಳಗಿನ ಹಲಗೆಗಳು ನೀರು ಕುಡಿದು ಉಬ್ಬಿ, ಒಂದನ್ನೊಂದು ಒತ್ತಿಕೊಂಡು ಕೂರುತ್ತವೆ. ಅದಕ್ಕೇ ಮೂಲೆಯಲ್ಲೊಂದು ಕಿರಿದಾದ ಪಟ್ಟಿ ಇಟ್ಟು, ಬಿಚ್ಚುವಾಗ ಮೊದಲು ಅದನ್ನು ಉಳಿಯಿಂದ ಸೀಳಿ ತೆಗೆಯುವುದು ಅಪ್ಪನ ಪದ್ಧತಿ. ಸೀಳುವಾಗ ಪಕ್ಕದ ಹಲಗೆಯೂ, ಕೆಲವೊಮ್ಮೆ ಗೋಡೆಯ ಅಂಚೂ ಹೋಗುತ್ತಿತ್ತು.

ಸತ್ತೇಗಾಲದ ತೊಟ್ಟಿಗೆ ಹಲಗೆ ಕೊಯ್ಯುವಾಗ, ಪಟ್ಟಿಯನ್ನು ಕೆಳಗೆ ಸಣ್ಣಗೆ, ಮೇಲೆ ಅಗಲವಾಗಿ ಕೊಯ್ದರೆ ಮೇಲಕ್ಕೆ ಎಳೆದು ತೆಗೆಯಬಹುದಲ್ಲ ಎಂದೆ. ಅಪ್ಪ ನಕ್ಕ.

"ಸೀಳೋ ಪಟ್ಟಿಗೆ ಸಿಂಗಾರ ಮಾಡ್ತಾ ಕೂತವಳೆ ನೋಡಿ," ಎಂದು ತೋಟದ ಒಡತಿಗೆ ಹೇಳಿದ. ಆಮೇಲೆ ನನ್ನತ್ತ ತಿರುಗಿ, "ಇಡಿಯಾಗಿ ಬಂದ್ರೆ ಹೂಗ್ಯಂ ಗೋಡೆ ನಿಂದೇ ಕಣವ್ವ. ಬರ್ನಿಲ್ಲ ಅಂದ್ರೆ ನಾನ್ ಯೋಳ್ದಂಗೆ ಕೇಳ್ಬೇಕು," ಎಂದ.

ಹೂಗ್ಯಂನಲ್ಲಿ ಉದ್ದನೆಯ ತಡೆಗೋಡೆಯೊಂದನ್ನು ಒಪ್ಪಿಕೊಂಡಿದ್ದೆವು. ಅದರ ಹಲಗೆ ಕೆಲಸವನ್ನು ನಾನೇ ಮುಂದೆ ನಿಂತು ಮಾಡಿಸಬೇಕೆಂಬ ನನ್ನ ಆಸೆ ಅವನಿಗೆ ಗೊತ್ತಿತ್ತು.

ಪಟ್ಟಿಗಳ ಎಲ್ಲ ಮೈಗೂ ಹಳೆ ಆಯಿಲ್ ಸವರಿ, ತಲೆಯಲ್ಲೊಂದು ತೂತು ಕೊರೆದೆ. ಕಾಂಕ್ರೀಟ್ ಬೀಳುವಾಗ, ಒಳಗೆ ಗಾಳಿ ಉಳಿದು ಗೋಡೆ ಜೇನುಹುಟ್ಟಿನಂತೆ ತೂತಾಗದಿರಲೆಂದು ಹಲಗೆಗೆ ಸುತ್ತಿಗೆ ತಟ್ಟುತ್ತಾ ಸುತ್ತು ಬಂದೆ.

ಬಿಚ್ಚುವ ದಿನ ಹೊರಗಿನ ಹಲಗೆಗಳು ಸಲೀಸಾಗಿ ಬಂದವು. ಒಳಗಿನ ಮೊದಲ ಪಟ್ಟಿ ಅಲುಗಲಿಲ್ಲ. ಅಪ್ಪ ಉಳಿ ಕೈಗೆತ್ತಿಕೊಂಡ. ತಡಿ ಎಂದೆ. ತೂತಿಗೆ ತಂತಿ ಪೋಣಿಸಿ, ಕುಣಿಕೆ ಮಾಡಿ, ಅದರೊಳಗೆ ಬಿದಿರಿನ ಗಳು ತೂರಿಸಿದೆ. ಎದೆಮಟ್ಟದ ಗೋಡೆಯ ಒಳಗೆ ನಾನು, ಹೊರಗೆ ತೋಟದ ಒಡತಿ ಹೆಗಲು ಕೊಟ್ಟೆವು. ಅವರು ಅಪ್ಪನಿಗಿಂತ ಹಿರಿಯರು, ಗಟ್ಟಿ ಆಳು. ಪಟ್ಟಿ ಕಿರ್ರೆಂದು ಬೆರಳಿನಷ್ಟು ಎದ್ದಿತು. ಆಮೇಲೆ ಬಾವಿಯಿಂದ ಕೊಡ ಬಂದಂತೆ ಬಂತು. ಪಕ್ಕದ ಹಲಗೆಗಳು ತಾವಾಗಿಯೇ ಸಡಿಲವಾದವು. ಉಳಿದ ಮೂಲೆಯವೂ ಹಾಗೇ ಬಂದವು.

ಒಡತಿ ಗೋಡೆಯ ಮೇಲೆ ಅಂಗೈ ಆಡಿಸಿದರು.

"ಇದ್ಕೆ ಗಾರೆ ಯಾಕ್ಲಾ? ಒಳಗ್ ಬಳ್ಕೊಡು, ಹೊರಗೆ ಇಂಗೇ ಇರ್ಲಿ ಬುಡು," ಎಂದು ಅಪ್ಪನಿಗೆ ಹೇಳಿದರು.

ಅಲ್ಲಿಯವರೆಗೆ ಮೂಲೆ ಪಟ್ಟಿಗಳೆಲ್ಲ ಸೇರುತ್ತಿದ್ದದ್ದು ನಮ್ಮ ಮನೆಯ ನೀರೊಲೆಗೆ. ಅವತ್ತು ಅಪ್ಪ ಅವನ್ನು ಒರೆಸಿ, ಮತ್ತೆ ಆಯಿಲ್ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿದ.

"ಹೂಗ್ಯಂಗೆ ಹಲಗೆ ಏಸು ಬೇಕು, ಬರ್ದು ಕೊಡು," ಎಂದ.

ಬರೆದೇ ಇಟ್ಟಿದ್ದೆ.