ಅಬ್ಬಲಿಗೆ ಚಟ್ಟಿಯಲ್ಲಿ ಕಿರುಬೆರಳು

ಮಣ್ಣು ಒಣಗಿದೆ ಎಂದು ನಾನು ಹೇಳಿದೆ. ಒದ್ದೆ ಉಂಟು ಎಂದು ನನ್ನ ಹೆಂಡತಿ ವಾರಿಜ ಹೇಳಿದಳು. ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಹೀಗೆ.

ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ, ಮಾಡಿನ ಕೆಳಗೆ, ಅಮ್ಮನ ಅಬ್ಬಲಿಗೆ ಚಟ್ಟಿ ಇತ್ತು. ಘಟ್ಟದ ಮೇಲಿನವರು ಕನಕಾಂಬರ ಎನ್ನುವ, ಮೂರು ವರ್ಷದ ಗಿಡ. ಅದರ ಕಿತ್ತಳೆ ಬಣ್ಣದ ಹೂವೇ ದೇವರಿಗೆ, ಅದೇ ವಾರಿಜಳ ಜಡೆಗೆ. ನಾನು ಪತ್ರಿಕೆಯ ಕಚೇರಿಗೆ ಹೋಗುವುದು ಮಧ್ಯಾಹ್ನ. ಆದ್ದರಿಂದ ಬೆಳಿಗ್ಗೆ ಗಿಡಕ್ಕೆ ನೀರು ಹಾಕುವ ಕೆಲಸ ನನ್ನದು. ಅದರ ಕ್ರಮವನ್ನು ಅಮ್ಮನೇ ಕಲಿಸಿದ್ದಳು. ಬಲಗೈಯಲ್ಲಿ ಚೊಂಬು. ಎಡಗೈಯ ಕಿರುಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಬೇಕು. ಕಿರುಬೆರಳಾದರೆ ಬೇರಿಗೆ ಪೆಟ್ಟಾಗುವುದಿಲ್ಲ. ತಂಪು ತಾಗಿದರೆ ಆ ದಿನ ನೀರು ಬೇಡ.

ಒಂದು ತಿಂಗಳಿಂದ ನನಗೆ ತಂಪು ತಾಗಿರಲಿಲ್ಲ. ದಿನವೂ ಎರಡು ಚೊಂಬು ಹಾಕುತ್ತಿದ್ದೆ. ಮಣ್ಣಿನ ಮೇಲೆ ಅಮ್ಮ ತೆಂಗಿನ ಸಿಪ್ಪೆಯ ಚೂರು ಹರಡಿದ್ದರಿಂದ ಕಣ್ಣಿಗೆ ಒದ್ದೆ ಕಾಣುತ್ತಿರಲಿಲ್ಲ. ಎಲೆಗಳು ಹಳದಿಯಾಗಿ ಉದುರತೊಡಗಿದವು.

"ಎಂತ ಮಾರಾಯ, ಗಿಡಕ್ಕೆ ದಿನಾ ತೀರ್ಥಸ್ನಾನವಾ?" ಎಂದು ಅಮ್ಮ ಬೈದಳು.

ಒಣಗಿದ್ದಕ್ಕೆ ಹಾಕಿದ್ದೇನೆ ಎಂದು ನಾನು ವಾದಿಸಿದೆ. ಆಗ ವಾರಿಜ ಬಂದು ತಾನೂ ಬೆರಳಿಟ್ಟು ನೋಡಿದಳು. ನನ್ನ ಕೈ ಹಿಡಿದು ತಿರುಗಿಸಿದಳು.

ನನ್ನ ಕಿರುಬೆರಳಿನ ತುದಿಯಲ್ಲಿ ಕೆಸರು ಇತ್ತು.

ಸಾಕ್ಷ್ಯವನ್ನು ಬೆರಳಲ್ಲೇ ಇಟ್ಟುಕೊಂಡು ತಪ್ಪು ವರದಿ ಕೊಡುತ್ತಿದ್ದೆ. ಹೊಲಿಗೆಯ ಸೂಜಿ ತಂದು ವಾರಿಜ ಚುಚ್ಚಿದಳು. ರಕ್ತ ಬಂತು. ನೋವು ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಮುಚ್ಚಲು ಹೇಳಿದರು. ಹತ್ತಿ ತಾಗಿದಾಗ "ಯೆಸ್" ಅನ್ನಬೇಕು. ಅಂಗೈಯಲ್ಲಿ ಯೆಸ್ ಅಂದೆ. ಹೆಬ್ಬೆರಳಲ್ಲಿ ಅಂದೆ. ಆಮೇಲೆ ಬಹಳ ಹೊತ್ತು ಅವರು ಸುಮ್ಮನಿದ್ದಾರೆ ಎಂದುಕೊಂಡೆ. ಕಣ್ಣು ತೆರೆದರೆ ಹತ್ತಿ ನನ್ನ ಕಿರುಬೆರಳಿನ ಮೇಲೆಯೇ ಓಡಾಡುತ್ತಿತ್ತು. ಎರಡು ಟೆಸ್ಟ್ ಟ್ಯೂಬಿನಲ್ಲಿ ಬಿಸಿನೀರು, ತಣ್ಣೀರು ತುಂಬಿ ತಾಗಿಸಿದರು. ಕಿರುಬೆರಳಿಗೂ ಪಕ್ಕದ ಉಂಗುರ ಬೆರಳಿಗೂ ಎರಡೂ ಒಂದೇ. ಮೊಣಕೈಯ ಹಿಂಬದಿಯನ್ನು ಒತ್ತಿ, ಅಲ್ಲಿಯ ನರ್ವ್ ದಪ್ಪವಾಗಿದೆ ಎಂದರು. ಮುಂಗೈಯ ಮೇಲಿದ್ದ ಮಸುಕು ಮಚ್ಚೆಯನ್ನೂ ಅವರೇ ತೋರಿಸಿದರು. ಅದನ್ನು ನಾನು ಬಿಸಿಲಿನ ಕಲೆ ಎಂದುಕೊಂಡಿದ್ದೆ.

"ಲೆಪ್ರಸಿ" ಎಂದರು.

ಕುಷ್ಠರೋಗ. ಈ ಶಬ್ದ ಇದ್ದ ಸುದ್ದಿಗಳನ್ನು ನಾನು ಹಲವು ಸಲ ತಿದ್ದಿದ್ದೇನೆ. ಒಂದು ಕಾಲಮಿನ ಶೀರ್ಷಿಕೆಯಲ್ಲಿ ಅದು ಎಷ್ಟು ಜಾಗ ಹಿಡಿಯುತ್ತದೆ ಎಂದು ಗೊತ್ತು. ನನ್ನ ಹೆಸರಿನ ಪಕ್ಕದಲ್ಲಿ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿರಲಿಲ್ಲ. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ನನ್ನದು ಹರಡುವ ಬಗೆಯದಲ್ಲ. ಮನೆಯಲ್ಲೇ ಇರಬಹುದು, ಕೆಲಸಕ್ಕೆ ಹೋಗಬಹುದು. ಡಿ.ಡಿ.ಎಸ್. ಮಾತ್ರೆ ವಾರಕ್ಕೆ ಎರಡು ದಿನ, ಕೆಲವು ವರ್ಷ. ಮನೆಯವರನ್ನು ಒಮ್ಮೆ ತಂದು ತೋರಿಸಬೇಕು.

"ಬೆರಳಿಗೆ ಸ್ಪರ್ಶ ವಾಪಸ್ ಬರ್ತದಾ?" ಎಂದು ಕೇಳಿದೆ.

"ಬಂದರೆ ಬಂತು. ನೀವು ಅದನ್ನು ಕಾಯ್ತಾ ಕೂರಬೇಡಿ. ಸುಡದ ಹಾಗೆ ನೋಡ್ಕೊಳ್ಳಿ."

ವಾರಿಜ, ಮೂರು ವರ್ಷದ ಮಗಳು, ಅಮ್ಮ, ಮೂವರನ್ನೂ ಪರೀಕ್ಷಿಸಿದರು. ಯಾರಿಗೂ ಏನೂ ಇರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಅಮ್ಮ ಎದುರಿಗೆ ಕುಳಿತು ಕೇಳಿದಳು, ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಮಗಳ ಚಾಪೆಯನ್ನು ತನ್ನ ಕೋಣೆಗೆ ಒಯ್ದಳು. ನನ್ನ ಲೋಟ ಬೇರೆಯಾಯಿತು. ಮೂರನೆಯ ದಿನ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದಳು:

"ಗುಣ ಆಗುವವರೆಗೆ ಆಸ್ಪತ್ರೆಯಲ್ಲೇ ಇದ್ದರೆ ಎಂತ? ಕುಲಶೇಖರದಲ್ಲಿ ಸುನಂದನ ಅತ್ತೆಮನೆಗೆ ಗೊತ್ತಾದರೆ ಅವಳ ಗತಿ?"

ಸುನಂದ ನನ್ನ ತಂಗಿ. ಮದುವೆಯಾಗಿ ವರ್ಷವಾಗಿರಲಿಲ್ಲ.

"ಅವರು ಹೋದರೆ ಹಿಂದೆಯೇ ನಾನೂ ಹೋಗ್ತೇನೆ ಅತ್ತೆ" ಎಂದು ವಾರಿಜ ಒಳಗಿನಿಂದಲೇ ಹೇಳಿದಳು. "ಮತ್ತೆ ನಿಮಗೆ ಲೋಟ ತೊಳೆಯುವ ಕೆಲಸವೂ ಇಲ್ಲ."

ಅಮ್ಮ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಮನೆಯಲ್ಲಿ ನಾನು ಇರುತ್ತೇನೋ ಇಲ್ಲವೋ ಎಂಬುದು ಇತ್ಯರ್ಥವಾಗದೆ ಉಳಿಯಿತು.

ಅಮ್ಮ ನನ್ನನ್ನು ಬೈಯುವುದು ನಿಂತಿತು.

ಇದು ನನಗೆ ಸೂಜಿಗಿಂತ ಬೇಗ ತಾಗಿತು. ಹಿಂದೆ ದಿನಕ್ಕೆ ಹತ್ತು ಸಲ ಬೈಯುತ್ತಿದ್ದವಳು ಈಗ "ಊಟಕ್ಕಾಯ್ತು", "ಸಾಕಾ?" ಎಂದು ಮೆತ್ತಗೆ ಕೇಳುತ್ತಿದ್ದಳು. ಮನೆಗೆ ಬಂದ ಅತಿಥಿಯೊಡನೆ ಮಾತಾಡುವ ಹಾಗೆ. ಅತಿಥಿ ಎಂದರೆ ಒಂದು ದಿನ ಹೊರಡುವವನು. ಅಬ್ಬಲಿಗೆಯಲ್ಲಿ ನಾಲ್ಕು ತೆನೆ ಇನ್ನೂ ಹೂ ಬಿಡುತ್ತಿದ್ದವು. ಅಮ್ಮ ಅವನ್ನು ಕೊಯ್ಯಲಿಲ್ಲ. ಅಂಗಳದ ದಾಸವಾಳವನ್ನು ದೇವರಿಗೆ ಇಟ್ಟಳು. ನಾನು ನೀರು ಹಾಕಿದ ಗಿಡದ ಹೂ ತೆನೆಯಲ್ಲೇ ಒಣಗಿ ಕಂದಾಯಿತು.

ಡಿ.ಡಿ.ಎಸ್. ನುಂಗತೊಡಗಿದ ಮೊದಲ ವಾರಗಳಲ್ಲಿ ಮೈ ಭಾರವಾಗುತ್ತಿತ್ತು, ಮಧ್ಯಾಹ್ನ ಪ್ರೂಫಿನ ಅಕ್ಷರಗಳು ತೇಲಿದಂತೆ ಕಾಣುತ್ತಿದ್ದವು. ಸಂಪಾದಕರಿಗೆ ವಿಷಯ ತಿಳಿಸಿದೆ. ಅವರು ಡಾಕ್ಟರ ಚೀಟಿ ಓದಿ, ಮಡಚಿ ವಾಪಸ್ ಕೊಟ್ಟು, ಎರಡನೆಯ ಪುಟ ಇನ್ನೂ ಬಂದಿಲ್ಲ ಎಂದರು. ಅಷ್ಟು ಉಪಕಾರ ಸಾಕಿತ್ತು.

ಗಿಡದ ಬುಡ ಕಪ್ಪಾಗಿತ್ತು. ಉಳಿಯುವ ಹಾಗಿರಲಿಲ್ಲ. ತುದಿಯ ಮೂರು ಹಸಿರು ಕಡ್ಡಿಗಳನ್ನು ಕತ್ತರಿಸಿದೆ. ಬೇರು ಬರಲು ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ನೆಡಬೇಕೆಂದು ಕೇಳಿದ್ದೆ. ನಮ್ಮ ಪ್ರೆಸ್ಸಿನ ಕಂಪೋಸಿಟರ್ ಒಬ್ಬರು ಬೆಂಗ್ರೆಯಿಂದ ದಿನಾ ದೋಣಿಯಲ್ಲಿ ಬರುವವರು. ಅವರು ಒಂದು ಚೀಲ ಬಿಳಿ ಹೊಯಿಗೆ ತಂದುಕೊಟ್ಟರು. ಒಂದು ರವಿವಾರ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಅದನ್ನು ಹೊಸ ಚಟ್ಟಿಗೆ ತುಂಬುತ್ತಿದ್ದೆ.

"ಎಲ್ಲಿಯ ಹೊಯಿಗೆ ಅದು?" ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಬೆಂಗ್ರೆಯದ್ದು."

"ಬೆಂಗ್ರೆಯದ್ದಾ! ಕಡಲ ಹೊಯಿಗೆ! ಗಿಡ ನೆಡುದಾ, ಉಪ್ಪಿನಕಾಯಿ ಹಾಕುದಾ? ಪೇಪರಿನಲ್ಲಿ ಲೋಕಕ್ಕೆ ಬುದ್ಧಿ ಹೇಳ್ತಾನೆ, ಉಪ್ಪು ಯಾವುದು ಸಿಹಿ ಯಾವುದು ಗೊತ್ತಿಲ್ಲ! ತಾ ಇಲ್ಲಿ!"

ಬಂದು ಚಟ್ಟಿಯನ್ನು ನನ್ನ ಎರಡೂ ಕೈಗಳಿಂದ ಎಳೆದುಕೊಂಡಳು. ನನ್ನ ಬೆರಳುಗಳ ಮೇಲೆ ಅವಳ ಬೆರಳು ಬಿತ್ತು. ತಾನು ಮಾಡಿದ್ದು ಏನೆಂದು ಅವಳಿಗೆ ಆಗ ಹೊಳೆದಿರಬೇಕು. ಒಂದು ಕ್ಷಣ ನಿಂತಳು. ಮತ್ತೆ ಹೊಯಿಗೆಯನ್ನು ಅಂಗಳಕ್ಕೆ ಸುರಿದು, ಹೊಳೆಯ ಹೊಯಿಗೆ ತರಲು ಹೇಳಿ, ಬೈಯುತ್ತಲೇ ಒಳಗೆ ಹೋದಳು.

ವಾರಿಜ ಅಡಿಗೆಕೋಣೆಯಲ್ಲಿ ನಗುತ್ತಿದ್ದಳೋ ಅಳುತ್ತಿದ್ದಳೋ, ಶಬ್ದದಿಂದ ತೀರ್ಮಾನಿಸಲಾಗಲಿಲ್ಲ.

ಮೂರು ಕಡ್ಡಿಗಳಲ್ಲಿ ಎರಡು ಬೇರು ಬಿಟ್ಟವು. ಈಗ ನಾನು ಬೆರಳಿಟ್ಟು ನೋಡುವುದಿಲ್ಲ. ಬಲಗೈಯ ಗೆಣ್ಣಿನಿಂದ ಚಟ್ಟಿಗೆ ಬಡಿದು ಕೇಳುತ್ತೇನೆ. ಒಣಗಿದ ಚಟ್ಟಿ ಟಣ್ಣೆನ್ನುತ್ತದೆ, ಒದ್ದೆ ಚಟ್ಟಿಯ ಸದ್ದು ಮಂದ. ಸಂಜೆ ಕಚೇರಿಯಲ್ಲಿ ಎಡಗೈಯ ಬೆರಳುಗಳನ್ನು ಒಮ್ಮೆ ಬೆಳಕಿಗೆ ಹಿಡಿದು, ಗಾಯವಿದೆಯೇ ಎಂದು ನೋಡಿಕೊಳ್ಳುತ್ತೇನೆ. ಉಂಗುರ ಬೆರಳಿಗೆ ಬಿಸಿ ಸ್ವಲ್ಪ ತಿಳಿಯುತ್ತದೆ. ಕಿರುಬೆರಳು ಹಾಗೆಯೇ ಉಂಟು. ಮಚ್ಚೆ ಮಾಸಿದೆ. ಮಗಳ ಚಾಪೆ ಯಾವ ದಿನ ನಮ್ಮ ಕೋಣೆಗೆ ಮರಳಿತು ಎಂದು ನಾನು ಬರೆದಿಟ್ಟುಕೊಂಡಿಲ್ಲ. ಬರೆದಿಡಬೇಕಿತ್ತು.

ಕಳೆದ ತಿಂಗಳು ಅಮ್ಮ ಹೇಳಿದಳು: "ಸುನಂದನಿಗೆ ಒಂದು ಅಬ್ಬಲಿಗೆ ಬೇಕಂತೆ. ನೀನೇ ನೆಟ್ಟು ಕೊಡು."

"ಅವಳ ಅತ್ತೆಮನೆಗೆ?"

"ಮತ್ತೆಂತ, ಗುಡ್ಡೆಗಾ?"

ಎರಡರಲ್ಲಿ ಒಳ್ಳೆಯದನ್ನು ಬೇರೆ ಚಟ್ಟಿಗೆ ನೆಟ್ಟು ಕೊಟ್ಟೆ. ಬಸ್ಸಿನವರೆಗೆ ನಾನೇ ಎತ್ತಿಕೊಂಡು ಹೋದೆ. ಅಮ್ಮ ಹತ್ತಿ ಕುಳಿತು ಚಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಜನ ತುಂಬಿತ್ತು. ಮಣ್ಣಿನ ಚಟ್ಟಿಯನ್ನು ಟಾಪಿಗೆ ಹಾಕಿ ಎಂದು ಕಂಡಕ್ಟರ್ ಗದರಿದ.

"ಟಾಪಿಗೆ ಹಾಕ್ಲಿಕ್ಕೆ ಇದು ಒಣಮೀನಿನ ಮೂಟೆಯಾ?" ಎಂದಳು ಅಮ್ಮ, ಇಡೀ ಬಸ್ಸಿಗೆ ಕೇಳುವಂತೆ. "ನನ್ನ ಮಗ ಕೈಯಾರೆ ನೆಟ್ಟದ್ದು."

ಬಸ್ಸು ಹೊರಟಿತು. ನಾನು ಮನೆಗೆ ಬಂದು ಆ ದಿನದ ಮಾತ್ರೆ ತೆಗೆದುಕೊಂಡೆ.