ಗಂಗವ್ವನ ತೋಟದ ವೈನ್

ವೈನ್ ರುಚಿ ನೋಡಿ ವಿವರಿಸುವುದು ನನ್ನ ಕೆಲಸ. ಒಮ್ಮೆ ರಾಮದುರ್ಗದ ಹತ್ತಿರದ ತೋಟವೊಂದಕ್ಕೆ, ಅಲ್ಲಿನ ದ್ರಾಕ್ಷಿಯಿಂದ ಮಾಡಿದ ಮೊದಲ ಬಾಟಲಿ ಒಯ್ದಿದ್ದೆ. ದ್ರಾಕ್ಷಿ ಬೆಳೆದವರು ತೀರಿಕೊಂಡು ಎರಡು ತಿಂಗಳಾಗಿತ್ತೆಂದು ಹೋದ ಮೇಲೆಯೇ ತಿಳಿಯಿತು. ಅವರ ಹೆಂಡತಿ ಗಂಗವ್ವ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು.

“ನಾ ಕುಡಿಯಂಗಿಲ್ರಿ. ಹೆಂಗೈತಿ ಅಂತ ನೀವ ಹೇಳ್ರಿ.”

ನಾನು ಒಂದು ಗುಟುಕು ಕುಡಿದು, “ಮೊದಲು ಹುಳಿ, ಆಮೇಲೆ ಒಗರು. ನುಂಗಿದ ಮೇಲೆ ಬಹಳ ಹೊತ್ತು ಸಿಹಿ ಉಳೀತದರಿ” ಎಂದೆ.

“ಅವರೂ ಹಂಗ ಇದ್ರು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. “ಇದರ ಜೋಡಿ ಏನ್ ತಿನ್ನಬೇಕ್ರಿ?”

ಖಾರದ್ದು ಹೊಂದುತ್ತದೆ ಎಂದೆ. ಒಳಗಿನಿಂದ ರೊಟ್ಟಿ, ಕೆಂಪು ಚಟ್ನಿ ತಂದಿಟ್ಟರು.

“ಅವರ ಬದ್ಲಿ ನೀವ ಉಣ್ರಿ.”

ಉಣ್ಣುತ್ತ ನನ್ನ ಕಣ್ಣು ತುಂಬಿತು. ಖಾರ ಹತ್ತಿತೆಂದು ತಿಳಿದು ಮಜ್ಜಿಗೆ ಕೊಟ್ಟರು. ವೈನಿನ ಜೊತೆ ಮಜ್ಜಿಗೆ ಸಲ್ಲದೆಂದು ಊರಿಗೆಲ್ಲ ಹೇಳುವ ನಾನು, ಎರಡನ್ನೂ ಸುಮ್ಮನೆ ಕುಡಿದೆ.